ಮನೆಯಂಗಳದಲ್ಲಿ ಅಲಂಕಾರಿಕ ದಂಟು: ಬೆಳೆಸುವ ವಿಧಾನ ಹಾಗೂ ಬೀಜ ಸಂಗ್ರಹಣೆ
(ದಾವಣಗೆರೆ ನಗರ ಮತ್ತು ಹರಿಹರದ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ದಂಟು ಕರ್ನಾಟಕದ ಜನರಿಗೆ ಚಿರಪರಿಚಿತವಾದ ಸೊಪ್ಪು ತರಕಾರಿ. ಮಧ್ಯ ಕರ್ನಾಟಕದಲ್ಲಿ ದಂಟಿನ ಸೊಪ್ಪು, ಕೀರೆ ಸೊಪ್ಪು ಎಂದೂ, ಉತ್ತರ ಕರ್ನಾಟಕದಲ್ಲಿ ರಾಜಗಿರಿ ಎಂದೂ, ಕರಾವಳಿಯಲ್ಲಿ ಹರಿವೆ ಎಂದೂ ಇದನ್ನು ಕರೆಯುತ್ತಾರೆ. ಇದೇ ಕುಲಕ್ಕೆ ಸೇರಿದ ಕೆಲವು ಜಾತಿ ಮತ್ತು ತಳಿಗಳನ್ನು ಅವುಗಳ ಎಲೆಯ ಬಣ್ಣಕ್ಕಾಗಿ ಅಥವಾ ಹೂಗೊಂಚಲಿನ ಸೊಬಗಿಗಾಗಿ ಉದ್ಯಾನಗಳಲ್ಲಿ ಬೆಳೆಸಲಾಗುತ್ತದೆ. ಇವುಗಳನ್ನು ಅಲಂಕಾರಿಕ ದಂಟು ಅಥವಾ ಬಣ್ಣದ ದಂಟು ಎನ್ನುತ್ತಾರೆ.

ದಾವಣಗೆರೆಯ ಕೆ.ಬಿ. ಬಡಾವಣೆಯಂತಹ ವಸತಿ ಪ್ರದೇಶಗಳಲ್ಲಿ ಮನೆಯ ಮುಂದೆ ದೊರೆಯುವ ಸ್ಥಳ ಸಾಮಾನ್ಯವಾಗಿ ಕಾಂಪೌಂಡ್ ಗೋಡೆಗೆ ಹೊಂದಿಕೊಂಡ ಕಿರಿದಾದ ಪಟ್ಟಿ ಮಾತ್ರ. ಬೇಸಿಗೆಯಲ್ಲಿ ಬಿಸಿಲು ತೀಕ್ಷ್ಣವಾಗಿದ್ದು, ನೀರನ್ನು ಮಿತವಾಗಿ ಬಳಸಬೇಕಾಗುತ್ತದೆ. ಇಂತಹ ಸ್ಥಳದಲ್ಲಿ ಕಡಿಮೆ ಖರ್ಚಿನಲ್ಲಿ, ಒಂದು ಚಿಟಿಕೆ ಬೀಜದಿಂದ ಬೆಳೆಸಬಹುದಾದ ಸಸ್ಯಗಳಲ್ಲಿ ಅಲಂಕಾರಿಕ ದಂಟು ಮುಖ್ಯವಾದುದು.

ಆದಾಗ್ಯೂ ಈ ಗಿಡವನ್ನು ಬೆಳೆಸಿದವರಲ್ಲಿ ಅನೇಕರು ಎರಡು ಕಾರಣಗಳಿಂದ ನಿರಾಶರಾಗುತ್ತಾರೆ. ಮೊದಲನೆಯದಾಗಿ, ಕೆಂಪು ಹಳದಿ ಬಣ್ಣದಿಂದ ಕೂಡಿದ್ದ ಗಿಡವನ್ನು ತಂದು ನೆಟ್ಟ ಕೆಲವೇ ವಾರಗಳಲ್ಲಿ ಎಲೆಗಳು ಹಸಿರಾಗುತ್ತವೆ. ಎರಡನೆಯದಾಗಿ, ನಾಲ್ಕೈದು ತಿಂಗಳಲ್ಲಿ ಗಿಡ ಒಣಗುತ್ತದೆ. ಅದನ್ನು ರೋಗವೆಂದು ಭಾವಿಸಿ ಔಷಧ ಸಿಂಪಡಿಸಲಾಗುತ್ತದೆ, ಮತ್ತೆ ಹಣ ಕೊಟ್ಟು ಹೊಸ ಗಿಡ ತರಲಾಗುತ್ತದೆ. ಮೊದಲನೆಯದಕ್ಕೆ ನೆರಳು ಮತ್ತು ಅತಿಯಾದ ಗೊಬ್ಬರ ಕಾರಣ. ಎರಡನೆಯದು ರೋಗವೇ ಅಲ್ಲ, ಗಿಡದ ಆಯುಷ್ಯವೇ ಅಷ್ಟು. ಈ ಎರಡು ಅಂಶಗಳನ್ನು ತಿಳಿದು ಬೆಳೆಸಿದಲ್ಲಿ ಒಮ್ಮೆ ತಂದ ಬೀಜದಿಂದಲೇ ಅನೇಕ ವರ್ಷಗಳ ಕಾಲ ಅಂಗಳವನ್ನು ಅಲಂಕರಿಸಬಹುದು.

2. ಸಸ್ಯ ಪರಿಚಯ

ದಂಟು ಅಮರಾಂತೇಸಿ ಕುಟುಂಬಕ್ಕೆ ಸೇರಿದೆ. ಕೋಳಿಜುಟ್ಟು ಹೂವಿನ ಗಿಡ, ಹೊಲಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ ಸೊಪ್ಪು ಹಾಗೂ ಉತ್ತರಾಣಿ ಇದೇ ಕುಟುಂಬದ ಇತರ ಸಸ್ಯಗಳು. ಕುಲದ ಹೆಸರಾದ ಅಮರಾಂತಸ್ ಎಂಬ ಪದವು "ಬಾಡದ್ದು" ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಹೂಗೊಂಚಲು ಒಣಗಿದ ನಂತರವೂ ಆಕಾರ ಮತ್ತು ಬಣ್ಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದರಿಂದ ಈ ಹೆಸರು ಸಾರ್ಥಕವಾಗಿದೆ.

ದಂಟಿನ ಕೆಂಪು ಬಣ್ಣಕ್ಕೆ ಬೀಟಾಲೈನ್ ಎಂಬ ವರ್ಣದ್ರವ್ಯ ಕಾರಣ. ಬೀಟ್‌ರೂಟ್ ಗೆಡ್ಡೆಯ ಬಣ್ಣವೂ ಇದೇ ವರ್ಗದ್ದು. ಈ ವರ್ಣದ್ರವ್ಯ ಎಲೆಯಲ್ಲಿ ಚೆನ್ನಾಗಿ ಕಾಣಿಸಿಕೊಳ್ಳಲು ಪೂರ್ಣ ಬಿಸಿಲು ಅವಶ್ಯಕ. ನೆರಳಿನಲ್ಲಿ ಹಾಗೂ ಸಾರಜನಕ ಹೆಚ್ಚಾದ ಮಣ್ಣಿನಲ್ಲಿ ಹಸಿರು ಬಣ್ಣವು ಮೇಲುಗೈ ಪಡೆಯುತ್ತದೆ.

ದಂಟು ವಾರ್ಷಿಕ ಸಸ್ಯ. ಬೀಜ ಮೊಳೆತು, ಬೆಳೆದು, ಹೂಬಿಟ್ಟು, ಬೀಜ ಕಟ್ಟಿ ಒಣಗುವುದರೊಂದಿಗೆ ಅದರ ಜೀವನಚಕ್ರ ಒಂದೇ ಹಂಗಾಮಿನಲ್ಲಿ ಪೂರ್ಣಗೊಳ್ಳುತ್ತದೆ. ಬೀಜ ಬಲಿತ ಗಿಡಕ್ಕೆ ಎಷ್ಟೇ ನೀರು ಗೊಬ್ಬರ ಕೊಟ್ಟರೂ ಅದು ಮತ್ತೆ ಚಿಗುರಿ ಮೊದಲಿನಂತಾಗುವುದಿಲ್ಲ. ಗುಲಾಬಿ, ದಾಸವಾಳಗಳಂತೆ ಇದನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳುವ ಪ್ರಯತ್ನ ಸಲ್ಲದು.

3. ಪ್ರಮುಖ ಜಾತಿಗಳು ಮತ್ತು ತಳಿಗಳು

ಅ) ಎಲೆಯ ಬಣ್ಣಕ್ಕಾಗಿ ಬೆಳೆಸುವ ಜಾತಿ (ಅಮರಾಂತಸ್ ಟ್ರೈಕಲರ್): ಇದು ಉಷ್ಣವಲಯದ ಏಷ್ಯಾ ಮೂಲದ್ದು. ಸೊಪ್ಪಿಗಾಗಿ ಬೆಳೆಯುವ ದಂಟಿನ ಬಹುಪಾಲು ತಳಿಗಳು ಇದೇ ಜಾತಿಗೆ ಸೇರಿವೆ. ಅಲಂಕಾರಿಕ ತಳಿಗಳಲ್ಲಿ ಗಿಡದ ತುದಿಯ ಎಲೆಗಳು ಕಡುಗೆಂಪು, ಹಳದಿ, ಕಿತ್ತಳೆ ಅಥವಾ ಗುಲಾಬಿ ಬಣ್ಣ ತಳೆದು ದೊಡ್ಡ ಹೂವಿನಂತೆ ಕಾಣುತ್ತವೆ. ನಿಜವಾದ ಹೂಗಳು ಎಲೆಯ ಕಂಕುಳಲ್ಲಿ ಸಣ್ಣ ಗುಂಪುಗಳಾಗಿದ್ದು ಗಮನಕ್ಕೆ ಬರುವುದಿಲ್ಲ. ಗಿಡದ ಎತ್ತರ 60ರಿಂದ 120 ಸೆಂ.ಮೀ. ಮೋಲ್ಟನ್ ಫೈರ್, ಅರ್ಲಿ ಸ್ಪ್ಲೆಂಡರ್, ಇಲ್ಯುಮಿನೇಶನ್, ಪರ್ಫೆಕ್ಟಾ ಮುಂತಾದವು ಹೆಸರಾಂತ ತಳಿಗಳು.

ಆ) ಇಳಿಬಿದ್ದ ಹೂಗೊಂಚಲಿನ ಜಾತಿ (ಅಮರಾಂತಸ್ ಕಾಡೇಟಸ್): ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಮೂಲದ್ದು. ಅಲ್ಲಿ ಇದನ್ನು ಪ್ರಾಚೀನ ಕಾಲದಿಂದಲೂ ಕಾಳಿಗಾಗಿ ಬೆಳೆಯಲಾಗುತ್ತಿದೆ. ಕಡುಗೆಂಪು ಬಣ್ಣದ ಉದ್ದನೆಯ ಹೂಗೊಂಚಲುಗಳು ಕುಚ್ಚಿನಂತೆ ನೆಲದತ್ತ ಜೋಲುತ್ತವೆ. ಗಿಡದ ಎತ್ತರ 90ರಿಂದ 150 ಸೆಂ.ಮೀ. ಹಸಿರು ಗೊಂಚಲಿನ ವಿರಿಡಿಸ್ ಎಂಬ ಬಗೆಯೂ ಬಳಕೆಯಲ್ಲಿದೆ.

ಇ) ನೆಟ್ಟಗಿನ ಹೂಗೊಂಚಲಿನ ಜಾತಿಗಳು (ಅಮರಾಂತಸ್ ಹೈಪೊಕಾಂಡ್ರಿಯಾಕಸ್ ಮತ್ತು ಅಮರಾಂತಸ್ ಕ್ರೂಯೆಂಟಸ್): ಇವು ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದ ಮೂಲದವು. ಹಬ್ಬದ ಉಪವಾಸಗಳಲ್ಲಿ ಬಳಸುವ ರಾಜಗಿರಿ ಉಂಡೆಯ ಕಾಳು ಈ ಗುಂಪಿನ ಗಿಡಗಳಿಂದ ದೊರೆಯುತ್ತದೆ. ಎತ್ತರದ ಬಗೆಗಳು 150 ಸೆಂ.ಮೀ. ಮೀರಿ ಬೆಳೆಯುವುದರಿಂದ ಕಿರಿದಾದ ಅಂಗಳಕ್ಕೆ ಗಿಡ್ಡ ತಳಿಗಳು ಸೂಕ್ತ. ಪಿಗ್ಮಿ ಟಾರ್ಚ್ ಮತ್ತು ಗ್ರೀನ್ ಥಂಬ್ ಇಂತಹ ಗಿಡ್ಡ ತಳಿಗಳಾಗಿದ್ದು, ಸುಮಾರು 45ರಿಂದ 60 ಸೆಂ.ಮೀ. ಎತ್ತರವಿರುತ್ತವೆ.

ಈ) ಸೊಪ್ಪು ಮತ್ತು ಅಲಂಕಾರ ಎರಡಕ್ಕೂ: ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿರುವ ಅರ್ಕಾ ಅರುಣಿಮ ತಳಿಯ ಎಲೆಗಳು ಅಗಲವಾಗಿದ್ದು ಕಡು ನೇರಳೆಗೆಂಪು ಬಣ್ಣ ಹೊಂದಿವೆ. ಇದು ಸೊಪ್ಪಿನ ತಳಿಯಾಗಿದ್ದು ಹಲವು ಬಾರಿ ಕಟಾವು ಮಾಡಬಹುದು. ವಿದೇಶಿ ತಳಿಗಳ ಬೀಜ ದೊರೆಯದಿದ್ದಾಗ ಮಡಿಯ ಅಂಚಿಗೆ ಇದನ್ನೇ ಬೆಳೆಸಿದಲ್ಲಿ ಅಲಂಕಾರದ ಜೊತೆಗೆ ಅಡುಗೆಗೂ ಒದಗುತ್ತದೆ. ಸಂತೆಯಲ್ಲಿ ದೊರೆಯುವ ಊರ ಕೆಂಪು ದಂಟಿನ ಬೀಜವನ್ನೂ ಇದೇ ಉದ್ದೇಶಕ್ಕೆ ಬಳಸಬಹುದು.

4. ಹವಾಗುಣ ಮತ್ತು ಬಿತ್ತನೆ ಕಾಲ

ದಂಟು ಬಿಸಿಲು ಮತ್ತು ಉಷ್ಣತೆಯನ್ನು ಬಯಸುವ ಗಿಡ. ಜೋಳ, ಮೆಕ್ಕೆಜೋಳ, ಕಬ್ಬುಗಳಂತೆ ಇದು ತೀಕ್ಷ್ಣ ಬಿಸಿಲನ್ನು ಸಮರ್ಥವಾಗಿ ಬಳಸಿಕೊಳ್ಳುವ ಸಸ್ಯಗಳ ಗುಂಪಿಗೆ ಸೇರಿದೆ. ದಿನಕ್ಕೆ ಕನಿಷ್ಠ 6 ಗಂಟೆಗಳ ನೇರ ಬಿಸಿಲು ಬೀಳುವ ಸ್ಥಳವನ್ನು ಆರಿಸಿಕೊಳ್ಳಬೇಕು. ಪೂರ್ವ ಅಥವಾ ದಕ್ಷಿಣಕ್ಕೆ ತೆರೆದಿರುವ ಅಂಗಳ ಉತ್ತಮ. ತೆಂಗು, ಮಾವು, ಹೊಂಗೆ ಮರಗಳ ಕೆಳಗೆ ಹಾಗೂ ಎತ್ತರದ ಕಟ್ಟಡಗಳ ನೆರಳಿನಲ್ಲಿ ಇದನ್ನು ಬೆಳೆಸುವುದು ವ್ಯರ್ಥ ಪ್ರಯತ್ನವಾಗುತ್ತದೆ.

ಬಿತ್ತನೆ ಕಾಲವನ್ನು ನಿರ್ಧರಿಸುವಾಗ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಅಲಂಕಾರಿಕ ದಂಟು ಸಾಮಾನ್ಯವಾಗಿ ಹಗಲಿನ ಅವಧಿ ಕಡಿಮೆಯಾದಾಗ ಬೇಗ ಹೂಬಿಡುವ ಸ್ವಭಾವದ್ದು. ದಾವಣಗೆರೆಯ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆಗಳಷ್ಟಿದ್ದರೆ ಡಿಸೆಂಬರ್ ತಿಂಗಳ ಹಗಲು 11 ಗಂಟೆಗಳಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಆದ್ದರಿಂದ ಮುಂಗಾರಿನಲ್ಲಿ ಬಿತ್ತಿದ ಗಿಡಗಳು ಎತ್ತರವಾಗಿ ಬೆಳೆದು ಅಗಲವಾದ ಎಲೆಗಳನ್ನು ಬಿಡುತ್ತವೆ. ಅಕ್ಟೋಬರ್ ನಂತರ ಬಿತ್ತಿದವು ಚಿಕ್ಕದಾಗಿರುವಾಗಲೇ ಹೂಬಿಟ್ಟು ಬೇಗ ಮುಗಿಯುತ್ತವೆ. ಅಂಗಳದಲ್ಲಿ ದೊಡ್ಡ ಗಿಡ ಬೇಕೆನ್ನುವವರು ಮುಂಗಾರಿನಲ್ಲಿಯೂ, ಕುಂಡಗಳಿಗೆ ಗಿಡ್ಡ ಗಿಡ ಬೇಕೆನ್ನುವವರು ಹಿಂಗಾರಿನಲ್ಲಿಯೂ ಬಿತ್ತುವುದು ಸೂಕ್ತ.

ಬೀಜ ಬಿತ್ತಿದ ದಿನದಿಂದ ಗಿಡ ಪೂರ್ಣ ಬಣ್ಣ ತಳೆಯಲು ಸಾಮಾನ್ಯವಾಗಿ 10ರಿಂದ 12 ವಾರಗಳು ಬೇಕು. ಈ ಲೆಕ್ಕದಂತೆ ಬಿತ್ತನೆಯ ವೇಳಾಪಟ್ಟಿ ಕೆಳಕಂಡಂತಿದೆ.

- ಸ್ವಾತಂತ್ರ್ಯ ದಿನಾಚರಣೆಗೆ (ಆಗಸ್ಟ್ 15): ಮೇ ಕೊನೆಯ ಎರಡು ವಾರ. ಮಳೆ ಬರುವವರೆಗೆ ಸಸಿಮಡಿಗೆ ನೀರು ಒದಗಿಸಬೇಕು.
- ಗಣೇಶ ಚತುರ್ಥಿಗೆ: ಜೂನ್ ಮೊದಲ ಹದಿನೈದು ದಿನ, ಅಂದರೆ ಮೃಗಶಿರಾ ಮಳೆಯ ಹೊತ್ತಿಗೆ.
- ನವರಾತ್ರಿ ಮತ್ತು ದೀಪಾವಳಿಗೆ: ಜುಲೈ ತಿಂಗಳು.
- ಗಣರಾಜ್ಯೋತ್ಸವಕ್ಕೆ (ಜನವರಿ 26): ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರ. ಗಿಡಗಳು ಗಿಡ್ಡವಾಗಿರುವುದರಿಂದ ಕುಂಡಗಳಲ್ಲಿ ಹತ್ತಿರ ಹತ್ತಿರ ಜೋಡಿಸಬೇಕು.

ಹಬ್ಬದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪಂಚಾಂಗ ನೋಡಿ ಹನ್ನೊಂದು ವಾರ ಹಿಂದಕ್ಕೆ ಎಣಿಸುವುದು ಸುಲಭದ ಮಾರ್ಗ. ಎಲ್ಲಾ ಬೀಜವನ್ನು ಒಂದೇ ದಿನ ಬಿತ್ತದೆ 15 ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಲ್ಲಿ ಬಿತ್ತಿದಲ್ಲಿ ಅಂಗಳ ಹೆಚ್ಚು ಕಾಲ ಬಣ್ಣದಿಂದ ಕೂಡಿರುತ್ತದೆ.

5. ಮಣ್ಣು ಮತ್ತು ಸ್ಥಳ ಸಿದ್ಧತೆ

ದಾವಣಗೆರೆ ಮತ್ತು ಹರಿಹರ ಪರಿಸರದಲ್ಲಿ ಕೆಂಪು ಮಣ್ಣು ಹಾಗೂ ಕಪ್ಪು ಮಣ್ಣು ಎರಡೂ ಕಂಡುಬರುತ್ತವೆ. ನೀರು ಸುಲಭವಾಗಿ ಬಸಿದು ಹೋಗುವ ಕೆಂಪು ಗೋಡು ಮಣ್ಣು ದಂಟಿಗೆ ಅತ್ಯುತ್ತಮ. ಕಪ್ಪು ಮಣ್ಣಿನಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವ ಸಂಭವವಿರುವುದರಿಂದ ಮಡಿಯನ್ನು ನೆಲದಿಂದ ಕನಿಷ್ಠ 15 ಸೆಂ.ಮೀ. ಎತ್ತರಿಸಿ, ಕೆಂಪು ಮಣ್ಣು ಅಥವಾ ಮರಳನ್ನು ಬೆರೆಸಬೇಕು.

ಹೊಸದಾಗಿ ಮನೆ ಕಟ್ಟಿದ ನಿವೇಶನಗಳಲ್ಲಿ ಗೋಡೆಯ ಪಕ್ಕದ ಮಣ್ಣಿನಲ್ಲಿ ಸಿಮೆಂಟ್, ಸುಣ್ಣ, ಇಟ್ಟಿಗೆ ಚೂರು ಸೇರಿರುತ್ತವೆ. ಇಂತಹ ಮಣ್ಣಿನಲ್ಲಿ ಎಲೆಗಳು ಬಿಳಿಚಿಕೊಳ್ಳುತ್ತವೆ. ಸುಮಾರು 30 ಸೆಂ.ಮೀ. ಆಳದವರೆಗೆ ಅಗೆದು, ಕಟ್ಟಡದ ಕಸವನ್ನು ತೆಗೆದು, ಒಳ್ಳೆಯ ಮಣ್ಣನ್ನು ತುಂಬುವುದು ಅವಶ್ಯಕ.

ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಪ್ರತಿ ಚದರ ಮೀಟರಿಗೆ 2 ಕೆ.ಜಿ. ಪ್ರಮಾಣದಲ್ಲಿ ಬಿತ್ತನೆಗೆ ಎರಡು ವಾರ ಮೊದಲು ಬೆರೆಸಬೇಕು. ಹಸಿ ಸಗಣಿಯನ್ನು ಬಳಸಬಾರದು. ಬಣ್ಣದ ಎಲೆಯ ತಳಿಗಳಿಗೆ ಇದಕ್ಕಿಂತ ಹೆಚ್ಚಿನ ಗೊಬ್ಬರದ ಅವಶ್ಯಕತೆ ಇರುವುದಿಲ್ಲ. ಯೂರಿಯಾದಂತಹ ಸಾರಜನಕ ಗೊಬ್ಬರ ಹಾಕಿದಲ್ಲಿ ಗಿಡ ಬೇಗ ಎತ್ತರವಾದರೂ ಎಲೆ ಹಸಿರಾಗಿ, ಕಾಂಡ ಮೆತ್ತಗಾಗಿ, ಗಾಳಿಗೆ ಬಾಗುತ್ತದೆ. ಸೊಪ್ಪಿನ ದಂಟಿಗೂ ಅಲಂಕಾರಿಕ ದಂಟಿಗೂ ಬೇಸಾಯದಲ್ಲಿರುವ ಮುಖ್ಯ ವ್ಯತ್ಯಾಸವೇ ಇದು: ಸೊಪ್ಪಿಗೆ ಗೊಬ್ಬರ ಬೇಕು, ಬಣ್ಣಕ್ಕೆ ಬಿಸಿಲು ಬೇಕು. ಹೂಗೊಂಚಲಿನ ಜಾತಿಗಳು ಮಾತ್ರ ಸ್ವಲ್ಪ ಫಲವತ್ತಾದ ಮಣ್ಣಿನಲ್ಲಿ ದೊಡ್ಡ ಗೊಂಚಲು ಬಿಡುತ್ತವೆ.

6. ಬಿತ್ತನೆ ಮತ್ತು ನಾಟಿ

ದಂಟಿನ ಬೀಜ ಅತ್ಯಂತ ಸಣ್ಣದು. ಒಂದು ಗ್ರಾಂ ತೂಕದಲ್ಲಿ ಸಾವಿರಕ್ಕೂ ಹೆಚ್ಚು ಬೀಜಗಳಿರುತ್ತವೆ. 3 ಮೀಟರ್ ಉದ್ದ, 1 ಮೀಟರ್ ಅಗಲದ ಮಡಿಯಲ್ಲಿ 40 ಸೆಂ.ಮೀ. ಅಂತರದಂತೆ ಎರಡು ಸಾಲುಗಳಲ್ಲಿ 14 ಗಿಡಗಳು ಹಿಡಿಸುತ್ತವೆ. ಇದಕ್ಕೆ ಒಂದು ಚಿಟಿಕೆ ಬೀಜ ಸಾಕು.

ಬೀಜವನ್ನು ಅದರ ಹತ್ತು ಪಟ್ಟು ಒಣ ಮರಳಿನೊಂದಿಗೆ ಬೆರೆಸಿ, ಸಸಿಮಡಿ ಅಥವಾ ತಟ್ಟೆಯಲ್ಲಿ ಬೆರಳಿನಿಂದ ಎಳೆದ ತೆಳುವಾದ ಗೆರೆಗಳಲ್ಲಿ ಉದುರಿಸಬೇಕು. ಮೇಲೆ ಜರಡಿ ಹಿಡಿದ ಗೊಬ್ಬರ ಮರಳಿನ ಮಿಶ್ರಣವನ್ನು ಬೀಜ ಮುಚ್ಚುವಷ್ಟು ಮಾತ್ರ, ಅಂದರೆ 3ರಿಂದ 5 ಮಿ.ಮೀ. ದಪ್ಪ ಹರಡಬೇಕು. ಆಳವಾಗಿ ಬಿತ್ತಿದ ಬೀಜ ಮೇಲೆ ಬರುವುದಿಲ್ಲ. ನೀರನ್ನು ಸಣ್ಣ ರಂಧ್ರದ ಝಾರಿಯಿಂದ ಅಥವಾ ಕೈಯಿಂದ ಚಿಮುಕಿಸಬೇಕು. ಕೊಳವೆಯಿಂದ ನೇರವಾಗಿ ಬಿಟ್ಟಲ್ಲಿ ಬೀಜ ಒಂದೆಡೆ ಕೊಚ್ಚಿಹೋಗುತ್ತದೆ.

ಇರುವೆಗಳು ಬೀಜವನ್ನು ಹೊತ್ತೊಯ್ಯುವುದು ಸಾಮಾನ್ಯ ತೊಂದರೆ. ಸಸಿಮಡಿಯ ಸುತ್ತ ಅಂಚಿನಲ್ಲಿ ಸ್ವಲ್ಪ ರವೆ ಚೆಲ್ಲುವ ರೂಢಿ ಇದೆ. ಇರುವೆಗಳು ಅದನ್ನು ಸಾಗಿಸುವುದರಲ್ಲಿ ತೊಡಗಿರುವಾಗ ಬೀಜ ಮೊಳೆಯುತ್ತದೆ. ತಟ್ಟೆಗಳಲ್ಲಿ ಬಿತ್ತಿದಾಗ ತಟ್ಟೆಯನ್ನು ನೀರು ತುಂಬಿದ ಅಗಲವಾದ ಪಾತ್ರೆಯ ನಡುವೆ ಇಟ್ಟಿಗೆಯ ಮೇಲೆ ಇಟ್ಟರೆ ಇರುವೆಗಳ ಕಾಟ ತಪ್ಪುತ್ತದೆ.

ಬೀಜ 4ರಿಂದ 7 ದಿನಗಳಲ್ಲಿ ಮೊಳೆಯುತ್ತದೆ. ಮೊಳಕೆ ಕಂಡ ಕೂಡಲೇ ಸಸಿಗಳಿಗೆ ಬಿಸಿಲು ದೊರೆಯುವಂತೆ ಮಾಡಬೇಕು. ಸಸಿಗಳು ಒತ್ತಾಗಿದ್ದಲ್ಲಿ ಸಣಕಲಾಗುವುದರಿಂದ ಹೆಚ್ಚಿನವನ್ನು ಕಿತ್ತು ತೆಗೆಯಬೇಕು. ಬಣ್ಣದ ತಳಿಗಳ ಎಳೆಯ ಸಸಿಗಳಲ್ಲಿ ಪೂರ್ಣ ಬಣ್ಣ ಇನ್ನೂ ಬಂದಿರುವುದಿಲ್ಲ. ಆದರೆ ಒಂದೇ ತಳಿಯ ಸಸಿಗಳ ನಡುವೆ ಸಂಪೂರ್ಣ ಹಸಿರು ಕಾಂಡದ ಸಸಿಗಳು ಬೆರೆತಿದ್ದಲ್ಲಿ ಅವು ಮಿಶ್ರತಳಿಗಳಾಗಿರುವ ಸಂಭವವಿದ್ದು, ಅಂತಹವನ್ನು ಮೊದಲು ತೆಗೆಯಬೇಕು.

ಸಸಿಗಳಿಗೆ 20ರಿಂದ 25 ದಿನಗಳಾಗಿ, 3ರಿಂದ 4 ನಿಜ ಎಲೆಗಳು ಬಂದಾಗ ಸಂಜೆಯ ವೇಳೆ ನಾಟಿ ಮಾಡಬೇಕು. ದಂಟಿನ ತಾಯಿಬೇರು ಆಳಕ್ಕೆ ಇಳಿಯುವ ಸ್ವಭಾವದ್ದಾಗಿರುವುದರಿಂದ ತಡವಾಗಿ ಕಿತ್ತು ನೆಟ್ಟ ಸಸಿ ಚೇತರಿಸಿಕೊಳ್ಳದೆ ಅಕಾಲದಲ್ಲಿ ಹೂಬಿಡುತ್ತದೆ. ಎಲೆಯ ಜಾತಿಗೆ ಗಿಡದಿಂದ ಗಿಡಕ್ಕೆ 30ರಿಂದ 45 ಸೆಂ.ಮೀ., ಇಳಿಬೀಳುವ ಹಾಗೂ ಎತ್ತರದ ಜಾತಿಗಳಿಗೆ 45ರಿಂದ 60 ಸೆಂ.ಮೀ. ಅಂತರ ಕೊಡಬೇಕು.

ಕುಂಡದಲ್ಲಿ ಬೆಳೆಸುವವರು ಕನಿಷ್ಠ 25 ಸೆಂ.ಮೀ. ವ್ಯಾಸದ ಕುಂಡವನ್ನು ಆರಿಸಿ, ಎರಡು ಭಾಗ ಕೆಂಪು ಮಣ್ಣು, ಒಂದು ಭಾಗ ಮರಳು, ಒಂದು ಭಾಗ ಕಳಿತ ಗೊಬ್ಬರದ ಮಿಶ್ರಣ ತುಂಬಿ, ಕುಂಡಕ್ಕೆ ಒಂದೇ ಗಿಡ ಬೆಳೆಸಬೇಕು. ಕುಂಡದ ತಳದ ರಂಧ್ರ ಮುಚ್ಚಿಹೋಗದಂತೆ ಹೆಂಚಿನ ಚೂರು ಇಡಬೇಕು.

7. ನೀರು ಮತ್ತು ನಂತರದ ಆರೈಕೆ

ದಾವಣಗೆರೆ ನಗರಕ್ಕೆ ಕುಡಿಯುವ ನೀರು ತುಂಗಭದ್ರಾ ನದಿಯಿಂದ ಹಾಗೂ ಭದ್ರಾ ನಾಲೆಯ ನೀರನ್ನು ತುಂಬಿಸುವ ಕೆರೆಗಳಿಂದ ಒದಗುತ್ತದೆ. ಬೇಸಿಗೆಯಲ್ಲಿ ಈ ನೀರು ಅತ್ಯಮೂಲ್ಯ. ಸ್ಥಿರವಾಗಿ ಬೇರೂರಿದ ದಂಟಿನ ಗಿಡಕ್ಕೆ ಮಳೆಯಿಲ್ಲದ ದಿನಗಳಲ್ಲಿ 3ರಿಂದ 4 ದಿನಗಳಿಗೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕಾಗುತ್ತದೆ. ಪ್ರತಿದಿನ ಮೇಲ್ಪದರ ನೆನೆಯುವಷ್ಟು ಮಾತ್ರ ನೀರು ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿದು ಗಿಡ ದುರ್ಬಲವಾಗುತ್ತದೆ. ಕುಂಡಗಳಿಗೆ ಮಾತ್ರ ಬೇಸಿಗೆಯಲ್ಲಿ ದಿನನಿತ್ಯ ನೀರು ಬೇಕಾಗಬಹುದು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅಲಂಕಾರಿಕ ದಂಟಿಗೆ ಬಳಸಬಹುದು. ಬಟ್ಟೆ ಒಗೆದ ಸೋಪಿನ ನೀರನ್ನು ಹಾಗೂ ಚರಂಡಿಯ ನೀರನ್ನು ಬಳಸಬಾರದು. ಗಿಡದ ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕುವುದರಿಂದ ತೇವ ಉಳಿಯುತ್ತದೆ. ಗಿಡ ದೀರ್ಘಕಾಲ ಬಾಡುವಂತೆ ಒಣಗಿಸಿದಲ್ಲಿ ಎಲೆ ಉದುರಿ, ಬೇಗ ಬೀಜ ಕಟ್ಟುತ್ತದೆ.

ಎಲೆಯ ಜಾತಿಯ ಗಿಡ 15 ಸೆಂ.ಮೀ. ಎತ್ತರವಾದಾಗ ಕುಡಿ ಚಿವುಟಿದರೆ ಹಲವು ಕವಲುಗಳು ಬರುತ್ತವೆ. ಆದರೆ ಪ್ರತಿ ತುದಿಯ ಬಣ್ಣದ ಗುಚ್ಛ ಚಿಕ್ಕದಾಗುತ್ತದೆ. ಒಂದೇ ದೊಡ್ಡ ಗುಚ್ಛ ಬೇಕಾದವರು ಚಿವುಟಬಾರದು. ಇಳಿಬೀಳುವ ಜಾತಿಯ ಮುಖ್ಯ ಕುಡಿಯನ್ನು ಚಿವುಟುವುದು ಸೂಕ್ತವಲ್ಲ.

ಈ ಭಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಅವಧಿಯಲ್ಲಿ ಜೋರು ಮಳೆ ಬೀಳುವುದುಂಟು. ಅದೇ ಸಮಯದಲ್ಲಿ ಮುಂಗಾರಿನ ಗಿಡಗಳ ತುದಿ ಭಾರವಾಗಿರುತ್ತದೆ. ಆಗಸ್ಟ್ ಕೊನೆಯೊಳಗೆ ಪ್ರತಿ ಗಿಡಕ್ಕೂ ಬಿದಿರಿನ ಅಥವಾ ಮರದ ಕಡ್ಡಿಯನ್ನು ಊರುಗೋಲಾಗಿ ನೆಟ್ಟು ಸಡಿಲವಾಗಿ ಕಟ್ಟಬೇಕು.

8. ಕೀಟ ಮತ್ತು ರೋಗಗಳು

ಅ) ಎಲೆ ಸುತ್ತುವ ಹುಳು: ಹಸಿರು ಬಣ್ಣದ ಮರಿಹುಳುಗಳು ಎಲೆಗಳನ್ನು ನೂಲಿನಿಂದ ಸುತ್ತಿ ಒಳಗಿದ್ದು ತಿನ್ನುತ್ತವೆ. ಮಳೆಗಾಲದಲ್ಲಿ ಹೆಚ್ಚು. ಸುತ್ತಿದ ಎಲೆಗಳನ್ನು ಹುಳು ಸಮೇತ ಕಿತ್ತು ನಾಶಪಡಿಸಬೇಕು. ಬಾಧೆ ಮುಂದುವರಿದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಇದಕ್ಕಾಗಿ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆಯ ವೇಳೆ ಬಳಸಬೇಕು.

ಆ) ಕಾಂಡ ಕೊರೆಯುವ ಮೂತಿ ಹುಳು: ಮರಿಗಳು ಕಾಂಡದೊಳಗೆ ಕೊರೆದು ಸುರಂಗ ಮಾಡುತ್ತವೆ. ಕಾಂಡ ಅಲ್ಲಲ್ಲಿ ಊದಿಕೊಂಡು, ಗಾಳಿಗೆ ಮುರಿಯುತ್ತದೆ. ಬಾಧಿತ ಗಿಡವನ್ನು ಬೇರು ಸಹಿತ ಕಿತ್ತು ಸುಡಬೇಕು. ಹಂಗಾಮು ಮುಗಿದ ಗಿಡಗಳ ಒಣ ಕಾಂಡವನ್ನು ಅಂಗಳದಲ್ಲಿ ಉಳಿಸಬಾರದು.

ಇ) ಸಸ್ಯಹೇನು: ಎಳೆಯ ಕುಡಿಯಲ್ಲಿ ಗುಂಪಾಗಿ ರಸ ಹೀರುತ್ತವೆ. ನೀರನ್ನು ರಭಸದಿಂದ ಸಿಂಪಡಿಸಿ ತೊಳೆಯಬಹುದು. ಅಗತ್ಯವಿದ್ದಲ್ಲಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸೋಪಿನ ದ್ರಾವಣದೊಂದಿಗೆ ಬೆರೆಸಿ ಸಿಂಪಡಿಸಬೇಕು.

ಈ) ಬಿಳಿ ತುಕ್ಕು ರೋಗ: ಎಲೆಯ ತಳಭಾಗದಲ್ಲಿ ಬಿಳಿ ಬೊಬ್ಬೆಗಳು, ಮೇಲ್ಭಾಗದಲ್ಲಿ ಹಳದಿ ಚುಕ್ಕೆಗಳು ಕಾಣಿಸುತ್ತವೆ. ಬಾಧಿತ ಎಲೆಗಳನ್ನು ತೆಗೆದು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಿ, ಎಲೆಯ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ನೀರು ಕೊಡಬೇಕು.

ಉ) ಸಸಿ ಕೊಳೆ ರೋಗ: ಸಸಿಮಡಿಯಲ್ಲಿ ನೀರು ಹೆಚ್ಚಾದಾಗ ಸಸಿಗಳ ಬುಡ ಕೊಳೆತು ಬೀಳುತ್ತವೆ. ತೆಳುವಾಗಿ ಬಿತ್ತುವುದು ಮತ್ತು ನೀರು ಬಸಿಯುವಂತೆ ಮಾಡುವುದೇ ಉತ್ತಮ ಪರಿಹಾರ.

ಬೀಜ ಬಲಿತ ನಂತರ ಕೆಳಗಿನ ಎಲೆಗಳಿಂದ ಆರಂಭವಾಗಿ ಇಡೀ ಗಿಡ ಕ್ರಮೇಣ ಒಣಗುವುದು ರೋಗವಲ್ಲ. ಅದಕ್ಕೆ ಯಾವುದೇ ಔಷಧದ ಅಗತ್ಯವಿಲ್ಲ.

9. ಬೀಜ ಸಂಗ್ರಹಣೆ

ಒಂದು ಆರೋಗ್ಯವಂತ ಗಿಡದಿಂದ ಸಾವಿರಾರು ಬೀಜಗಳು ದೊರೆಯುತ್ತವೆ. ಆದ್ದರಿಂದ ಪ್ರತಿ ವರ್ಷ ಬೀಜ ಕೊಳ್ಳುವ ಅವಶ್ಯಕತೆ ಇಲ್ಲ. ಆದರೆ ದಂಟಿನ ಪರಾಗ ಗಾಳಿಯ ಮೂಲಕ ಹರಡುವುದರಿಂದ ಹತ್ತಿರದಲ್ಲಿರುವ ಬೇರೆ ತಳಿಯೊಂದಿಗೆ ಮಿಶ್ರವಾಗುವ ಸಾಧ್ಯತೆ ಇರುತ್ತದೆ. ವೃತ್ತಿಪರ ಬೀಜೋತ್ಪಾದನೆಯಲ್ಲಿ ಎರಡು ತಳಿಗಳ ನಡುವೆ ನೂರಾರು ಮೀಟರ್ ಅಂತರ ಇಡುತ್ತಾರೆ. ಒತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಇದು ಸಾಧ್ಯವಾಗದ ಕಾರಣ ಕೆಳಕಂಡ ಕ್ರಮ ಅನುಸರಿಸಬೇಕು.

- ಬೀಜಕ್ಕೆಂದು ಉತ್ತಮ ಬಣ್ಣದ, ರೋಗರಹಿತವಾದ ಎರಡು ಮೂರು ಗಿಡಗಳನ್ನು ಮೊದಲೇ ಗುರುತಿಸಿ ದಾರ ಕಟ್ಟಬೇಕು.
- ಹೂ ಅರಳುವ ಮೊದಲೇ ಅವುಗಳ ತುದಿಗೆ ತೆಳುವಾದ, ಒತ್ತಾದ ನೇಯ್ಗೆಯ ಬಟ್ಟೆಯ ಚೀಲ ಕಟ್ಟಬೇಕು. ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಬಲ್ಲುದು.
- ಬಣ್ಣಗೆಟ್ಟ ಗಿಡಗಳನ್ನು ಹಾಗೂ ತಾನಾಗಿ ಹುಟ್ಟಿದ ಮುಳ್ಳುದಂಟು ಮತ್ತಿತರ ಕಾಡು ದಂಟುಗಳನ್ನು ಹೂಬಿಡುವ ಮೊದಲೇ ಕಿತ್ತು ಹಾಕಬೇಕು.
- ಗೊಂಚಲನ್ನು ಅಂಗೈಯಲ್ಲಿ ಉಜ್ಜಿದಾಗ ಬೀಜ ಸುಲಭವಾಗಿ ಉದುರಿದಲ್ಲಿ ಬಲಿತಿದೆ ಎಂದು ತಿಳಿಯಬೇಕು. ಗೊಂಚಲನ್ನು ಕತ್ತರಿಸಿ ಕಾಗದದ ಮೇಲೆ ನೆರಳಿನಲ್ಲಿ ಒಂದು ವಾರ ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿ ಹೊಟ್ಟು ಬೇರ್ಪಡಿಸಬೇಕು.
- ಒಣ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳಿಯ ಹೆಸರು ಮತ್ತು ವರ್ಷ ಬರೆದು, ಬಿಗಿ ಮುಚ್ಚಳದ ಡಬ್ಬದಲ್ಲಿ ತಂಪಾದ ಸ್ಥಳದಲ್ಲಿ ಇಡಬೇಕು. ಹೀಗೆ ಇಟ್ಟ ಬೀಜ 3ರಿಂದ 4 ವರ್ಷ ಬಿತ್ತನೆಗೆ ಯೋಗ್ಯವಾಗಿರುತ್ತದೆ.

ಬೀಜಕ್ಕೆ ಬೇಡವಾದ ಗಿಡಗಳನ್ನು ಬೀಜ ಉದುರುವ ಮೊದಲೇ ತೆಗೆಯಬೇಕು. ಇಲ್ಲವಾದಲ್ಲಿ ಮುಂದಿನ ಮಳೆಗೆ ಅಂಗಳದಲ್ಲಷ್ಟೇ ಅಲ್ಲದೆ ನೆರೆಹೊರೆಯ ಚರಂಡಿ, ಪಾದಚಾರಿ ಮಾರ್ಗಗಳಲ್ಲಿಯೂ ಕಳೆಯಾಗಿ ಹುಟ್ಟುತ್ತದೆ.

10. ಆಹಾರ ಮತ್ತು ಮೇವಿನ ಬಗ್ಗೆ ಎಚ್ಚರಿಕೆ

ಸೊಪ್ಪಿನ ದಂಟೂ ಬಣ್ಣದ ದಂಟೂ ಒಂದೇ ಜಾತಿಯಾಗಿರುವುದರಿಂದ ಬಣ್ಣದ ದಂಟಿನ ಎಳೆಯ ಎಲೆಯನ್ನು ಬೇಯಿಸಿ ತಿನ್ನಲು ತೊಂದರೆಯಿಲ್ಲ. ಆದರೆ ಇದು ಮನೆಯಲ್ಲೇ ಸಂಗ್ರಹಿಸಿದ, ಔಷಧ ಲೇಪಿಸದ ಬೀಜದಿಂದ ಬೆಳೆದ, ಕೀಟನಾಶಕ ಸಿಂಪಡಿಸದ ಗಿಡಗಳಿಗೆ ಮಾತ್ರ ಅನ್ವಯಿಸುತ್ತದೆ. ನರ್ಸರಿಯಿಂದ ತಂದ ಬೆಳೆದ ಗಿಡಗಳ ಎಲೆಯನ್ನು ಅಡುಗೆಗೆ ಬಳಸಬಾರದು. ಬಿತ್ತನೆಗೆಂದು ಮಾರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದಾದ್ದರಿಂದ ಅದನ್ನು ಯಾವ ಕಾರಣಕ್ಕೂ ರಾಜಗಿರಿ ಕಾಳಿನಂತೆ ಸೇವಿಸಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ದಂಟಿನಲ್ಲಿ ಆಕ್ಸಲೇಟ್ ಅಂಶವಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರ ಸಲಹೆ ಪಡೆಯಬೇಕು. ಕಿತ್ತು ಹಾಕಿದ ಗಿಡಗಳನ್ನು ರಾಶಿಯಾಗಿ ದನಗಳಿಗೆ ಹಾಕಬಾರದು. ಬರದಲ್ಲಿ ಬಾಡಿದ ಅಥವಾ ಹೆಚ್ಚು ಸಾರಜನಕ ಹಾಕಿದ ದಂಟಿನಲ್ಲಿ ನೈಟ್ರೇಟ್ ಶೇಖರಣೆಯಾಗಿ, ಅಧಿಕ ಪ್ರಮಾಣದಲ್ಲಿ ತಿಂದ ಜಾನುವಾರುಗಳಿಗೆ ವಿಷವಾಗುವ ಸಂಭವವಿದೆ. ಇಂತಹ ಗಿಡಗಳನ್ನು ಬೀಜದ ಗೊಂಚಲು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕುವುದು ಉತ್ತಮ.

11. ನಾಗರಿಕರ ಗಮನಕ್ಕೆ

ಪ್ರ: ಅಂಗಳದಲ್ಲಿ ದಂಟು ಬೆಳೆಸಲು ಅಥವಾ ಕಿತ್ತುಹಾಕಲು ಪರವಾನಗಿ ಬೇಕೇ?
ಉ: ಸ್ವಂತ ಅಂಗಳದಲ್ಲಿ ಬೇಕಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಮರಗಳಿಗೆ ಸಂಬಂಧಿಸಿದ್ದು, ವಾರ್ಷಿಕ ಹೂಗಿಡಗಳಿಗೆ ಸಂಬಂಧಿಸಿದ್ದಲ್ಲ. ಕಾಂಪೌಂಡಿನ ಹೊರಗಿನ ರಸ್ತೆ ಬದಿ ಮತ್ತು ಪಾದಚಾರಿ ಮಾರ್ಗ ಸಾರ್ವಜನಿಕ ಸ್ಥಳವಾಗಿರುವುದರಿಂದ ಅಲ್ಲಿ ಮಡಿ ಮಾಡುವ ಮೊದಲು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಯನ್ನು, ಹರಿಹರದಲ್ಲಿ ನಗರಸಭೆಯನ್ನು ಸಂಪರ್ಕಿಸಬೇಕು.

ಪ್ರ: ಬೀಜ ಕೊಳ್ಳುವಾಗ ಏನನ್ನು ನೋಡಬೇಕು?
ಉ: ಪೊಟ್ಟಣದ ಮೇಲೆ ತಳಿಯ ಹೆಸರು, ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕ, ಬಳಕೆಯ ಅವಧಿ ಹಾಗೂ ಔಷಧ ಲೇಪನದ ವಿವರ ನೋಡಬೇಕು. ರಸೀದಿಯನ್ನು ಪಡೆದು ಇಟ್ಟುಕೊಳ್ಳಬೇಕು. ಬೀಜ ಮೊಳೆಯದಿದ್ದಲ್ಲಿ ದೂರು ನೀಡಲು ಪೊಟ್ಟಣ ಮತ್ತು ರಸೀದಿ ಎರಡೂ ಅವಶ್ಯಕ.

ಪ್ರ: ಬೆಳೆದ ಗಿಡ ಕೊಳ್ಳುವುದು ಸರಿಯೇ?
ಉ: ಪೂರ್ಣ ಬಣ್ಣ ಬಂದ ಗಿಡ ತನ್ನ ಆಯುಷ್ಯದ ಅರ್ಧಕ್ಕಿಂತ ಹೆಚ್ಚನ್ನು ಮುಗಿಸಿರುತ್ತದೆ. ಸಮಾರಂಭದ ಅಲಂಕಾರಕ್ಕಾದರೆ ಕೊಳ್ಳಬಹುದು. ಅಂಗಳದಲ್ಲಿ ಬೆಳೆಸಲು ಬೀಜ ಅಥವಾ ಎಳೆಯ ಸಸಿಯೇ ಸೂಕ್ತ.

ಪ್ರ: ಸಲಹೆ ಎಲ್ಲಿ ದೊರೆಯುತ್ತದೆ?
ಉ: ತಾಲ್ಲೂಕು ಮಟ್ಟದಲ್ಲಿ ತೋಟಗಾರಿಕೆ ಇಲಾಖೆಯ ಹಿರಿಯ ಸಹಾಯಕ ನಿರ್ದೇಶಕರ ಕಛೇರಿ, ಜಿಲ್ಲಾ ಮಟ್ಟದಲ್ಲಿ ಉಪನಿರ್ದೇಶಕರ ಕಛೇರಿ ಹಾಗೂ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ರೋಗ ಅಥವಾ ಕೀಟದ ಬಗ್ಗೆ ಕೇಳುವವರು ಬಾಧಿತ ಎಲೆ ಮತ್ತು ಕಾಂಡದ ಮಾದರಿಯನ್ನು ಕಾಗದದಲ್ಲಿ ಸುತ್ತಿ ತರಬೇಕು. ಬಿತ್ತಿದ ದಿನಾಂಕ, ಹಾಕಿದ ಗೊಬ್ಬರ, ಬಿಸಿಲು ಬೀಳುವ ಅವಧಿ ಇವುಗಳನ್ನು ಬರೆದುಕೊಂಡು ಬಂದಲ್ಲಿ ಸೂಕ್ತ ಸಲಹೆ ಪಡೆಯಲು ಅನುಕೂಲವಾಗುತ್ತದೆ.

12. ಸಾರಾಂಶ

- ದಿನಕ್ಕೆ 6 ಗಂಟೆ ನೇರ ಬಿಸಿಲು ಇರುವ ಸ್ಥಳ ಆರಿಸಬೇಕು.
- ಬೇಕಾದ ದಿನದಿಂದ ಹನ್ನೊಂದು ವಾರ ಹಿಂದಕ್ಕೆ ಎಣಿಸಿ ಬಿತ್ತಬೇಕು.
- ಬಣ್ಣದ ತಳಿಗೆ ಸಾರಜನಕ ಗೊಬ್ಬರ ಹಾಕಬಾರದು.
- ನೀರನ್ನು ಅಪರೂಪವಾಗಿ, ಆದರೆ ಆಳಕ್ಕೆ ಇಳಿಯುವಂತೆ ಕೊಡಬೇಕು.
- ಬೀಜ ಬಲಿತು ಗಿಡ ಒಣಗುವುದು ಸಹಜ. ಅದಕ್ಕೆ ಮೊದಲು ಉತ್ತಮ ಗಿಡದ ಬೀಜ ಸಂಗ್ರಹಿಸಿ, ಉಳಿದ ಗಿಡಗಳನ್ನು ತೆಗೆಯಬೇಕು.